ಭಾವನ ಬೀಟೆ ಹಲಗೆ

ನಮ್ಮ ಭಾವ ಹನ್ನೊಂದು ವರ್ಷ ಒಂದು ಹಲಗೆಗೆ ಬಾಣಂತನ ಮಾಡಿದರು ಎಂದರೆ ನಂಬುತ್ತೀರಾ? ನಂಬಬೇಕು. ಪ್ರತಿ ತಿಂಗಳೂ ಅದರ ಮಗ್ಗುಲು ಬದಲಿಸಲು ಕಾಲು ಹಿಡಿದವನು ನಾನು!

ತೊಂಬತ್ತರ ದಶಕದ ಶುರುವಿನಲ್ಲಿ ಅದು ಚಾಮರಾಜಪೇಟೆಯ ಮನೆಗೆ ಆಟೋದಲ್ಲಿ ಬಂತು. ಏಳಡಿ ಉದ್ದದ ಬೀಟೆ ಹಲಗೆ ಸೀಟು ಪೂರ್ತಿ ಹಿಡಿದುಕೊಂಡಿದ್ದರಿಂದ ಭಾವ ಬಸ್ಸಿನಲ್ಲಿ ಬಂದರು. ಬೀಟೆ ನಿಧಾನವಾಗಿ ಒಣಗಬೇಕು, ಆತುರಪಟ್ಟರೆ ಸೀಳುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಏಳಕ್ಕೆ ನಾನು ಬಸವನಗುಡಿಯಿಂದ ಹೋಗಿ ಒಂದು ತುದಿ ಹಿಡಿಯಬೇಕು. ನಾನು ಏಳು ಎಂದರೆ ಏಳಕ್ಕೇ ಹೋಗುವವನು. ಹುಚ್ಚಿಗೂ ಒಂದು ವೇಳಾಪಟ್ಟಿ ಇದ್ದುದರಿಂದ ನನ್ನ ತಕರಾರಿರಲಿಲ್ಲ.

ಬಂದವರೆದುರು ಒದ್ದೆ ಬಟ್ಟೆಯಲ್ಲಿ ಅದರ ಮೈ ಒರೆಸುವರು. ಕಪ್ಪು, ನೇರಳೆ ಗೆರೆಗಳು ಎದ್ದು ಬರುತ್ತಿದ್ದವು. ಮಗಳನ್ನು ನೋಡಲು ಬಂದ ಬೀಗರಿಗೂ ಮೊದಲು ತೋರಿಸಿದ್ದು ಇದನ್ನೇ! ಸದ್ಯ, ಅವರು ಇಬ್ಬರನ್ನೂ ಒಪ್ಪಿದರು. ಮದುವೆಗೆ ಇದರಲ್ಲೇ ಮಂಚ ಮಾಡಿಸಿ ಎಂದರೆ ಇನ್ನೂ ಹಸಿ ಇದೆ ಎಂದುಬಿಟ್ಟರು. ಮಂಚ ಅಂಗಡಿಯಿಂದ ಬಂತು. ಈ ಮರಕ್ಕೆ ಗರಗಸದ ಹಲ್ಲೇ ಮೊಂಡಾಗುತ್ತದೆ ಎಂದು ಬಡಗಿ ದೂರಿದಾಗ, ಮಗನ ತುಂಟತನ ಕೇಳಿದ ತಂದೆಯ ಹಾಗೆ ಭಾವ ಒಳಗೊಳಗೇ ಉಬ್ಬಿದರು.

ಆಮೇಲೆ ನಮ್ಮಕ್ಕನ ಮಂಡಿ ಕೈಕೊಟ್ಟಿತು. ಹಳೇ ಮನೆ, ಅಡುಗೆಮನೆಯಿಂದ ಬಚ್ಚಲಿಗೆ ಮೊಣಕಾಲೆತ್ತರ ಇಳಿಯಬೇಕು. ಯಾರ ಆಸರೆಯನ್ನೂ ಕೇಳದ ಅಕ್ಕ ಪ್ರತಿ ಸಲವೂ ಭಾವನನ್ನು ಕೂಗಬೇಕಾಯಿತು. ಕಲ್ಲು ಇಟ್ಟು ನೋಡಿದರು, ಒದ್ದೆಯಲ್ಲಿ ಜಾರಿತು. ಹಗುರ ಮರದ ಮೆಟ್ಟಿಲು ಅಲುಗಿತು. ಕೂಗುವುದು ಬೇಡವೆಂದು ಅಕ್ಕ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಅದನ್ನು ಗಮನಿಸಿದ್ದು ಭಾವ, ನಾನಲ್ಲ.

ಮುಂದಿನ ಭಾನುವಾರ ಏಳಕ್ಕೆ ಹೋದರೆ ಹಲಗೆಯ ಜಾಗ ಖಾಲಿ. ಮನೆಯೆಲ್ಲ ಹೊಸದಾಗಿ ಕೊಯ್ದ ಮರದ ಕಂಪು. ಬಚ್ಚಲ ಬಾಗಿಲಲ್ಲಿ ಎರಡು ಅಗಲ ಮೆಟ್ಟಿಲು. ಹಲಗೆಯ ನಟ್ಟನಡುವಿನ ಗೆರೆಗಳೇ ಮೇಲೆ. ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು.

"ಇದನ್ನ ಹೇಗ್ರೀ ತುಳೀಲಿ?"

"ಜೋರಾಗೇ ತುಳಿ. ಅಲ್ಲಾಡುತ್ತಾ ನೋಡೋಣ."

ಅಕ್ಕ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ಬಾಗಿಲು ಮುಚ್ಚಿ, ಎಷ್ಟೋ ತಿಂಗಳ ಮೇಲೆ, ಒಳಗಿನಿಂದ ತಾನೇ ಚಿಲಕ ಹಾಕಿಕೊಂಡಳು. ಆ ಸದ್ದು ಕೇಳಿದ ಮೇಲೆಯೇ ಭಾವ ಕುಳಿತರು.