ಅತ್ತೆಯ ಬೈಯುವ ಹಕ್ಕು

ನನ್ನ ಸೋದರತ್ತೆಯಷ್ಟು ಮೆತ್ತಗೆ ಮಾತಾಡುವ ಹೆಂಗಸು ಇಡೀ ಹೊಳೆನರಸೀಪುರ ತಾಲ್ಲೂಕಿನಲ್ಲೇ ಇರಲಿಲ್ಲ, ಮನೆಯೊಳಗೆ ಇರುವಷ್ಟು ಹೊತ್ತು! ಗಂಡ ತೀರಿಕೊಂಡ ಮೇಲೆ ತನ್ನ ಅಣ್ಣನ, ಅಂದರೆ ನಮ್ಮಪ್ಪನ ಮನೆ ಸೇರಿದ್ದ ಆಕೆ, ಅಮ್ಮ ಏನಂದರೂ ತಲೆ ತಗ್ಗಿಸಿ "ಊಂ ಅತ್ತಿಗೆಮ್ಮ" ಅನ್ನುತ್ತಿದ್ದಳು. ಬೆಳಗಿನ ಕಸಮುಸುರೆ ಮುಗಿದದ್ದೇ ತಡ, ಊರಾಚೆಯ ಗುಡ್ಡ ಹತ್ತಿ, ಬಂಡೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು, ಅಮ್ಮನನ್ನು ಬಾಯ್ತುಂಬ ಬೈಯುವಳು. ಗಾಳಿ ಈ ಕಡೆ ಬೀಸಿದರೆ ಊರಿಗೆಲ್ಲ ಪುಕ್ಕಟೆ ಮನರಂಜನೆ!

ನನಗೆ ಹೆಣ್ಣು ಕೊಡಲು ಚನ್ನರಾಯಪಟ್ಟಣದವರು ಬಂದ ದಿನವೂ ಗಾಳಿ ಈ ಕಡೆಗೇ ಬೀಸಬೇಕೆ?

"ಅತ್ತಿಗೆಮ್ಮೋ, ನಿನ್ ನಾಲ್ಗೆ ಸೇದೋಗ!"

"ಅದಾ? ಯಾರೋ ನರಿ ಓಡುಸ್ತಾವ್ರೆ," ಎಂದ ಅಪ್ಪ.

ಹೆಣ್ಣಿನ ತಂದೆ ವೀಳ್ಯ ಮಡಿಸುತ್ತ, "ನಿಮ್ಮೂರಲ್ಲಿ ನರೀನ ಅತ್ತಿಗೆ ಅಂತಾರಾ?" ಎಂದರು. ಕೂತಲ್ಲೇ ಕುಗ್ಗಿಹೋದೆ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಮುಂದೆ, ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ನಾನು ಅರಣ್ಯ ಇಲಾಖೆಯಲ್ಲಿ ಗುಮಾಸ್ತನಾದೆ. ಸರ್ಕಾರ ನಮ್ಮ ಗುಡ್ಡವನ್ನೇ ಕಾಯ್ದಿಟ್ಟ ಕಾಡು ಮಾಡಲು ಹೊರಟಿತು! ಗಡಿಕಲ್ಲು ನೆಡುವ ಮೊದಲು, ಗುಡ್ಡದಲ್ಲಿ ಹಕ್ಕಿದ್ದವರು ಬಂದು ಹೇಳಿಕೊಳ್ಳಬೇಕು, ಆಮೇಲೆ ಒಳಗೆ ಕಾಲಿಟ್ಟರೆ ಅಪರಾಧ ಎಂದು ತಮಟೆ ಬಾರಿಸಿ ಸಾರಿದರು. ಹುಣಸೆಮರದಡಿ ವಿಚಾರಣೆ. ಒಬ್ಬ ದನ ಮೇಯಿಸುವ ಹಕ್ಕು ಕೇಳಿದ, ಇನ್ನೊಬ್ಬ ಸೌದೆಯದು. ನಾನು ಕೋಟು ತೊಟ್ಟು, ವಿಚಾರಣೆಗೆ ಬಂದಿದ್ದ ಸಾಹೇಬರ ಪಕ್ಕದಲ್ಲಿ ಬೀಗುತ್ತ ಕೂತಿದ್ದೆ. ನೋಡುತ್ತೇನೆ, ಎದುರಿಗೆ ಅತ್ತೆ!

"ನಿನ್ನದೇನಮ್ಮ ಹಕ್ಕು?" ಎಂದರು ಸಾಹೇಬರು.

"ಬೈಯೋದು, ಬುದ್ಧಿ."

"ಏನು?"

"ದಿನಾ ಆ ಬಂಡೆ ಮ್ಯಾಲೆ ನಿಂತ್ಕಂಡು ಬೈತೀನಿ. ಅದ್ನ ತಪ್ಪುಸ್ಬ್ಯಾಡಿ. ಬೇಕಾದ್ರೆ ನಮ್ಮ ಹುಡುಗನ್ನೇ ಕೇಳಿ, ನಿಮ್ ಪಕ್ಕದಾಗೇ ಕುಂತವ್ನೆ!"

ಜನ ಬಿದ್ದು ಬಿದ್ದು ನಕ್ಕರು. ಮೇಜಿನ ಕೆಳಗೆ ನುಸುಳಲು ಜಾಗವಿದೆಯೇ ಎಂದು ನಿಜವಾಗಿಯೂ ಬಗ್ಗಿ ನೋಡಿದೆ.

ಸಾಹೇಬರು ನಗು ತಡೆದುಕೊಂಡು, "ಇದಕ್ಕೆ ಯಾರದಾದರೂ ತಕರಾರಿದೆಯೇ?" ಎಂದರು.

ಹೆಂಗಸರ ಗುಂಪಿನಿಂದ ಅಮ್ಮ ಎದ್ದಳು.

"ತಕರಾರಿಲ್ಲ ಬುದ್ಧಿ. ಬೈಸ್ಕಳೋಳು ನಾನೇಯ. ಅವ್ಳಿಗೆ ಗಂಡಿಲ್ಲ, ಮಕ್ಳಿಲ್ಲ. ನನ್ ಬಾಯೂ ಸುಮ್ಕಿರಾಕಿಲ್ಲ. ಅಲ್ಲೋಗಿ ಬೈದು ಬಂದ್ರೇನೇ ಅವ್ಳಿಗೆ ಒಂದ್ ತುತ್ತು ಇಳಿಯಾದು. ದಾರಿ ಬುಟ್ಕೊಡಿ."

ಯಾರೂ ನಗಲಿಲ್ಲ. ಬಂಡೆಯವರೆಗೆ ಕಾಲುದಾರಿಯ ಹಕ್ಕು ಎಂದು ಬರೆದುಕೊಳ್ಳಲು ಸಾಹೇಬರು ನನಗೆ ಹೇಳಿದರು.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನಿಂಗೆ ಕೇಳುಸ್ತಿತ್ತಾ ಅತ್ತಿಗೆಮ್ಮ?"

"ಊರ್ಗೆಲ್ಲ ಕೇಳೋದು ನಂಗೆ ಕೇಳಾಕಿಲ್ವಾ? ಬಾ, ಮುದ್ದೆ ಆರೋಯ್ತದೆ," ಎಂದು ಅಮ್ಮ ಅವಳ ಕೈ ಹಿಡಿದುಕೊಂಡು ಮನೆಯ ಕಡೆ ನಡೆದಳು.