ಕೆಂಚೇಶನ ಎರಡು ತುಂಡು ತಂತಿ

ಬಿಳಿಚೋಡಿನ ಕೆಂಚೇಶನ ರೇಡಿಯೋದ ಆಂಟೆನಾ ಕಡ್ಡಿಯನ್ನು ಹೋತ ಮುರಿದು ಹಾಕಿದ್ದು ಬೆಳಿಗ್ಗೆ ಎಂಟಕ್ಕೆ. ಸಂಜೆ ನಾಲ್ಕಕ್ಕೆ ಅದೇ ರೇಡಿಯೋದಲ್ಲಿ ಕುರಿ ಸಾಕಣೆಯ ಬಗ್ಗೆ ಅವನದೇ ಮಾತು ಬರುವುದಿತ್ತು. ತಿಂಗಳ ಹಿಂದೆ ರೆಕಾರ್ಡಾದದ್ದು. ‘ಮೊಬೈಲ್ ತಿಕ್ಕೋದು ಬಿಟ್ರೆ ನಿಮ್ಗೇನು ಬರ್ತೈತ್ರೀ?’ ಎನ್ನುವ ಹೆಂಡತಿ ಸಂಘಮಿತ್ರಾಳ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

ಆ ಪುಟ್ಟ ಎಫ್‌ಎಂ ಕೇಂದ್ರ ಮೊಬೈಲಿನಲ್ಲಿ ಸಿಗದು. ಆದರೆ ಬೇರೆ ಆಂಟೆನಾ ಕಟ್ಟುವ ಉಪಾಯ ಅದರಲ್ಲೇ ಸಿಕ್ಕಿತು. ತಂತಿಯ ಎರಡು ಸಮ ತುಂಡು, ನಡುವೆ ಸಣ್ಣ ಸಂದು, ಸಂದಿನ ಎರಡೂ ಬದಿಯಿಂದ ರೇಡಿಯೋಗೆ ವೈರು. ರೇಡಿಯೋ ಅಲೆಯ ಉದ್ದ ಸುಮಾರು ಮೂರು ಮೀಟರ್. ಎರಡೂ ತುಂಡು ಸೇರಿ ಅದರರ್ಧ ಸಾಕು.

ಟೇಪ್ ಇರಲಿಲ್ಲ. ಒಂದು ತುಂಡನ್ನು ಕೆಂಚೇಶ ತನ್ನ ಮೊಳದಲ್ಲಿ ಅಳೆದ. ಇನ್ನೊಂದನ್ನು ಪಕ್ಕದ ಮನೆಯ ಆರಡಿ ಆಳು ಚಿಕ್ಕಹನುಮಂತಪ್ಪ ತನ್ನ ಮೊಳದಲ್ಲಿ ಅಳೆದ. ರೇಡಿಯೋ ಕಡಲೆ ಹುರಿದಂತೆ ಚಟಪಟ ಎಂದಿತು.

ಉದ್ದದ್ದನ್ನು ಕತ್ತರಿಸಿ ಸಮ ಮಾಡುವಷ್ಟರಲ್ಲಿ ಎದುರುಮನೆಯ ಲಕ್ಷ್ಮೀದೇವಿ ಬಂದು ಸಂದಿಗೆ ಗಂಟು ಹಾಕಿಬಿಟ್ಟಳು.

“ಹರ್ದೈತಲ್ಲೋ! ಕರೆಂಟು ಹೆಂಗೆ ದಾಟ್ತೈತೆ?”

“ಅಯ್ಯೋ ಬಿಡಮ್ಮ! ಅಲೆ ಬಂದ್ರೆ ತಂತಿನಾಗೆ ಕರೆಂಟು ಜೋಕಾಲಿ ಆಡ್ತೈತೆ, ಆ ಕಡೆ ಈ ಕಡೆ. ನಡುವಿನ ಸಂದಿನಾಗೇ ನಾವದನ್ನ ಹಿಡ್ಕೊಳ್ಳೋದು.”

“ಹೌದೇನೋ? ಕಾಣವಲ್ದಲ್ಲ!” ಎಂದು ಅವಳು ತಂತಿಗೆ ಕಣ್ಣು ತಾಗಿಸಿ ನೋಡಿದಳು.

ಗಂಟು ಬಿಚ್ಚಿದರೂ ಗೊರಗೊರ ನಿಲ್ಲಲಿಲ್ಲ. ತಂತಿಯ ತುದಿ ಕೇಂದ್ರದ ಕಡೆಗೇ ಚಾಚಿತ್ತು. ತುದಿಯ ದಿಕ್ಕಿಗೆ ಈ ಆಂಟೆನಾ ಕಿವುಡು ಎಂದು ಕೆಂಚೇಶನಿಗೆ ಹೊಳೆಯುವಾಗ ನಾಲ್ಕಕ್ಕೆ ಐದು ನಿಮಿಷ. ಅಡ್ಡಕ್ಕೆ ತಿರುಗಿಸಿದ. ಧ್ವನಿ ಎದುರಿಗೇ ಕೂತು ಮಾತಾಡಿದಷ್ಟು ಸ್ಪಷ್ಟವಾಯಿತು! ಕೆಂಚೇಶನಿಗೆ ಹಿಡಿಸಲಾರದಷ್ಟು ಖುಷಿ. ಬೀದಿಯೇ ಅಂಗಳಕ್ಕೆ ಬಂತು. ಕುರಿ ಹೊಡೆದುಕೊಂಡು ಬಂದ ಸಂಘಮಿತ್ರಾಳೂ ಕೋಲು ಹಿಡಿದೇ ನಿಂತಳು.

“ಇಷ್ಟೆಲ್ಲ ನಿಮಗೆ ಯಾರು ಕಲಿಸಿದ್ರು?” ಎಂದು ರೇಡಿಯೋ ಕೇಳಿತು.

“ಯಾರೂ ಇಲ್ಲ ಮೇಡಂ, ನಲವತ್ತು ಕುರೀನೂ ನಾನೊಬ್ನೇ ಮೇಯ್ಸೋದು. ನಮ್ಮನೆಯಾಕೆಗೆ ಟಗರು ಯಾವ್ದು, ಕುರಿ ಯಾವ್ದು ಅಂತಾನೇ ಗೊತ್ತಾಗಲ್ಲ!” ಎಂದಿತು ರೇಡಿಯೋದೊಳಗಿನ ಕೆಂಚೇಶನ ದನಿ.

ಹಾಗಂದದ್ದು ಕೆಂಚೇಶನಿಗೆ ಮರೆತೇ ಹೋಗಿತ್ತು. ತಂತಿ ಕೀಳಲು ಹಾರಿದ. ಚಿಕ್ಕಹನುಮಂತಪ್ಪ ರಟ್ಟೆ ಹಿಡಿದು ನಿಲ್ಲಿಸಿದ.

“ಮುಟ್‌ಬ್ಯಾಡಪ್ಪಾ! ಎಷ್ಟು ಚೊಕ್ಕ ಬರ್ತೈತೆ!”

ಕಾರ್ಯಕ್ರಮ ಮುಗಿಯಿತು. ಸಂಘಮಿತ್ರಾ ಕೋಲನ್ನು ಗಂಡನ ಕೈಗಿಟ್ಟಳು.

“ನಾಳೆ ಬೆಳಿಗ್ಗೆ ಆರಕ್ಕೆ ಕುರಿ ಹೊಡ್ಕೊಂಡು ಹೊರಡ್ರಿ. ನಂಗೆ ಟಗರು ಯಾವ್ದು, ಕುರಿ ಯಾವ್ದು ಗೊತ್ತಾಗಲ್ವಲ್ಲ.”