ಮದುವೆಗೆ ಮುಂಚೆ ಲೆಕ್ಕ ಒಪ್ಪಿಸಿದ ಭಾನುವಾರಗಳು

ನಲವತ್ತಾರನೇ ವಯಸ್ಸಿಗೆ ಮದುವೆಗೆ ಹೊರಟವನು ಎಷ್ಟೇ ತಲೆ ತಗ್ಗಿಸಿ ನಡೆದರೂ ನಗೆಪಾಟಲು ಎದುರಿಗೇ ಬಂದು ನಿಲ್ಲುತ್ತದೆ. ನಾನು ಚಿಕ್ಕಬಳ್ಳಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಆಕೆ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ ಮೇಲೆ ಆಕೆ ಒಂದು ಷರತ್ತು ಹಾಕಿದರು.

"ದೊಡ್ಡೋರು ಮುಹೂರ್ತ ನೋಡೋಕೆ ಮುಂಚೆ ನಾವಿಬ್ರೂ ಕೂತು ದುಡ್ಡಿನ ವಿಷಯ ಪೂರ್ತಿ ಮಾತಾಡ್ಬೇಕು ಸರ್. ಮೂರು ಭಾನುವಾರ. ಮೂರನೇ ಭಾನುವಾರ ಹೂಂ ಅಂತೀನೋ ಉಹೂಂ ಅಂತೀನೋ ಹೇಳ್ತೀನಿ."

ಆ ಹೂಂ ನನಗೆ ಬಹಳ ಬೇಕಾಗಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

೧. ದುಂಡಕ್ಷರ

ಮೊದಲ ಭಾನುವಾರ ಬಿ.ಬಿ. ರಸ್ತೆಯ ಹೋಟೆಲಿನಲ್ಲಿ ಕೂತೆವು. ಆಕೆ ಸ್ಕೇಲಿಟ್ಟು ಗೆರೆ ಎಳೆದಿದ್ದ ನೋಟ್‌ಬುಕ್ ಮುಂದಿಟ್ಟು, "ಸಂಬಳ, ಸಾಲ, ಖರ್ಚು ನಿಮ್ ಕೈಯಾರೆ ಬರೀರಿ" ಅಂದರು. ಮೊದಲ ಎರಡು ಪುಟ ಬೇರೆ ಯಾರದೋ ಕೈಬರಹ.

"ಇದ್ಯಾರ್ದು?"

"ನಿಮಗಿಂತ ಮುಂಚೆ ನನ್ನ ಕೇಳೋಕೆ ಒಬ್ರು ಬಂದಿದ್ರು, ಬ್ಯಾಂಕಿನೋರು. ಮೂರು ಕಡೆ ಸಾಲ ಮುಚ್ಚಿಟ್ಟಿದ್ರು. ಬೇಡ ಅಂದೆ."

ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟರಲ್ಲಿ ಆಕೆ, "ಅಕ್ಷರ ಮಾತ್ರ ಎಷ್ಟು ದುಂಡಗಿದೆ ನೋಡಿ" ಅಂದುಬಿಟ್ಟರು.

ನನ್ನ ಆದಾಯದ ಮೂರು ಸಾಲನ್ನು ದುಂಡಗೆ ಬರೆಯಲು ಅವತ್ತು ಇಪ್ಪತ್ತು ನಿಮಿಷ ಹಿಡಿಯಿತು. ಪಕ್ಕದಲ್ಲಿ ನಿಂತಿದ್ದ ಸಪ್ಲೈಯರ್ ಬೇಸತ್ತು, "ಬಿಲ್ ಒಂದಾ, ಎರಡಾ ಸಾರ್?" ಅಂದ.

ಆಕೆಯೇ ಉತ್ತರ ಕೊಟ್ಟರು: "ಎರಡು ಕೊಡಪ್ಪ. ಇನ್ನೂ ತೀರ್ಮಾನ ಆಗಿಲ್ಲ."

೨. ಐದನೇ ತಾರೀಖಿನ ಮನುಷ್ಯ

ಎರಡನೇ ಭಾನುವಾರ ಆಕೆಯ ಖರ್ಚಿನ ಸರದಿ. ಪ್ರತಿ ತಿಂಗಳು ಐದನೇ ತಾರೀಖು ದಿಬ್ಬೂರಹಳ್ಳಿಯ ಒಬ್ಬ ಗಂಡಸಿಗೆ ಹಣ ಹೋಗುತ್ತಿತ್ತು.

"ನಮ್ಮ ಹಿಪ್ಪುನೇರಳೆ ತೋಟ ನೋಡ್ಕೊಳ್ಳೋರು. ಅಂಥ ಮನುಷ್ಯ ಸಿಗಲ್ಲ ಸರ್. ಊಟ ಆಯ್ತಾ ಅಂತ ದಿನಾ ಫೋನ್ ಮಾಡಿ ಕೇಳ್ತಾರೆ."

ನಾನಿನ್ನೂ ಒಂದು ಸಲವೂ ಹಾಗೆ ಕೇಳಿರಲಿಲ್ಲ. ಮಸಾಲೆ ದೋಸೆ ಅರ್ಧಕ್ಕೇ ಬಿಟ್ಟೆ. ಬುಧವಾರ ರಜೆ ಹಾಕಿ ದಿಬ್ಬೂರಹಳ್ಳಿ ಬಸ್ಸು ಹತ್ತಿದೆ.

ಹುಳದ ಮನೆಯ ಬಾಗಿಲಲ್ಲಿ ಕಂಡದ್ದು ಎಪ್ಪತ್ತು ದಾಟಿದ, ಮುಂದಿನ ಹಲ್ಲಿಲ್ಲದ ಅಜ್ಜ. "ಏಂ ಸಾಮಿ, ಯಾರು ಬೇಕಿತ್ತು?" ಅಂದ. ರೇಷ್ಮೆ ಹುಳ ನೋಡಲು ಬಂದೆ ಅಂದೆ. ಹುಳಕ್ಕೆ ರೋಗ ತಗುಲದಿರಲೆಂದು ನನ್ನ ಕಾಲಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಕೈ ತೊಳೆಸಿ, ಒಳಗೆ ಕರೆದುಕೊಂಡು ಹೋಗಿ ಸೊಪ್ಪಿನ ಬುಟ್ಟಿ ಕೈಗಿಟ್ಟ.

"ಹುಳ ಜೋರಾಗಿ ಮೇಯೋ ಹೊತ್ತು. ಸುಮ್ನೆ ನಿಲ್ಬೇಡಿ, ಹಾಕಿ. ಮೇಡಮ್ಮನೋರ್ನ ಕೇಳೋಕೆ ಬಂದಿರೋ ಗಂಡು ನೀವೇ ಅಲ್ವಾ?"

"ನಿಮಗೆ ಹೆಂಗೆ ಗೊತ್ತಾಯ್ತು?"

"ಬ್ಯಾಂಕಿನೋರೂ ಹಿಂಗೇ ಹುಳ ನೋಡೋಕೆ ಬಂದಿದ್ರು. ಎರಡು ಬುಟ್ಟಿ ಸೊಪ್ಪು ಹಾಕಿ ಹೋದ್ರು."

ನಾನು ಮೂರು ಬುಟ್ಟಿ ಹಾಕಿ ಬಂದೆ.

೩. ನಾಮಿನಿ

ಮೂರನೇ ಭಾನುವಾರ ದಾಖಲೆ ನೋಡುವ ದಿನ. ಆಕೆಯ ವಿಮೆಗೆ ನಾಮಿನಿ ಯಾರೆಂದು ಮೊದಲು ನೋಡಿದೆ. ಅವರ ತಾಯಿ. ಹೊಟ್ಟೆಕಿಚ್ಚು ಪಡಲು ಸಿದ್ಧನಾಗಿ ಹೋಗಿದ್ದ ನನಗೆ ಕೊಂಚ ನಿರಾಸೆಯೇ ಆಯಿತು.

ನನ್ನ ಪಿ.ಎಫ್. ಕಾಗದವನ್ನು ಆಕೆ ಎರಡು ಸಲ ಓದಿದರು.

"ಇದರಲ್ಲಿ ನಾಮಿನಿ ಅಂತ ಒಬ್ಬ ಹೆಂಗಸಿನ ಹೆಸರಿದೆ. ಸಂಬಂಧ, ಹೆಂಡತಿ ಅಂತಿದೆ."

ಹದಿನೆಂಟು ವರ್ಷದ ಹಿಂದೆ ಗೌರಿಬಿದನೂರಿನಲ್ಲಿ ನನಗೆ ಹೆಣ್ಣು ನಿಶ್ಚಯವಾಗಿತ್ತು. ನಾಮಿನಿ ಅರ್ಜಿ ಕೊಡಲು ಅಂದೇ ಕೊನೆಯ ದಿನವೆಂದು ಕಚೇರಿಯಲ್ಲಿ ಅವಸರಪಡಿಸಿದಾಗ, ಹೇಗೂ ಮುಂದಿನ ತಿಂಗಳು ಮದುವೆಯಲ್ಲವೇ ಎಂದು ಆ ಹುಡುಗಿಯ ಹೆಸರನ್ನೇ ಬರೆದುಕೊಟ್ಟಿದ್ದೆ. ಸಂಬಂಧ ಮುರಿಯಿತು, ಅರ್ಜಿ ಹಾಗೇ ಉಳಿಯಿತು. ಇದನ್ನೆಲ್ಲ ತೊದಲುತ್ತ ಹೇಳಿದೆ.

"ಅವ್ರೀಗ ಎಲ್ಲಿದ್ದಾರೆ?"

"ಗೌರಿಬಿದನೂರಲ್ಲೇ. ಇಬ್ರು ಮಕ್ಕಳಂತೆ."

"ಎಲ್ಲಾ ವಿಚಾರಿಸ್ಕೊಂಡೇ ಇದೀರ!"

ನೋಟ್‌ಬುಕ್ ಪಟ್ಟೆಂದು ಮುಚ್ಚಿತು. ಹೂಂ ಇಲ್ಲ, ಉಹೂಂ ಇಲ್ಲ. ಹೋಟೆಲಿನ ಬಿಲ್ಲಿನ ಹಣ ಕೊಟ್ಟು ಹೊರಗೆ ಬಂದೆವು. ಎಲ್ಲ ಮುಗಿಯಿತು ಅಂದುಕೊಂಡೆ. ರಸ್ತೆ ದಾಟುವಾಗ ಜಲ್ಲಿ ಲಾರಿಯೊಂದು ನುಗ್ಗಿ ಬಂತು. ಆಕೆ ಮೊದಲ ಬಾರಿಗೆ ನನ್ನ ತೋಳು ಹಿಡಿದು ಹಿಂದಕ್ಕೆಳೆದರು. ಲಾರಿ ಹೋದ ಮೇಲೂ ಬಿಡಲಿಲ್ಲ. ಧೈರ್ಯ ಮಾಡಿ, "ಹಾಗಾದ್ರೆ ಹೂಂ ಅಂತಾನಾ ಮೇಡಂ?" ಅಂದೆ.

"ಅದು ಆಮೇಲೆ. ನಾಳೆ ಆಫೀಸಿಗೆ ಹೋಗಿ ಆ ಹೆಸರು ಹೊಡೆದು ನನ್ನ ಹೆಸರು ಹಾಕ್ಸೋ ತನಕ ಆ ಕಡೆ ಈ ಕಡೆ ನೋಡ್ಕೊಂಡು ನಡೀರಿ. ನಿಮಗೇನಾದ್ರೂ ಆದ್ರೆ ದುಡ್ಡೆಲ್ಲ ಗೌರಿಬಿದನೂರಿಗೆ ಹೋಗುತ್ತೆ!"